ಮಧ್ಯಾಹ್ನದ ಚಮಚ

ಮೂವತ್ತು ವರ್ಷ ಬೇರೆಯವರ ಮಕ್ಕಳನ್ನು ಎತ್ತಿ ಆಡಿಸಿದವಳಿಗೆ ಸ್ವಂತ ಮೊಮ್ಮಗಳನ್ನು ಎತ್ತಬೇಡಿ ಅಂತ ಡಾಕ್ಟರು ಹೇಳಿಬಿಟ್ಟಿದ್ದರು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಒಳಗೆ ಉಕ್ಕಿನ ಕಂಬಿ ಕೂತಿತ್ತು, ಕೈಗೆ ಕೋಲು ಬಂದಿತ್ತು. ಬಡಾವಣೆಯ ಶಿಶುವಿಹಾರಗಳಲ್ಲೇ ಆಯಸ್ಸು ಸವೆಸಿದವಳಾದ್ದರಿಂದ ಮನೆಯವರನ್ನು ಬಿಟ್ಟರೆ ಉಳಿದವರಿಗೆಲ್ಲ ಅವಳು ಆಯಮ್ಮ. ತರಕಾರಿ ಗಾಡಿಯವನೂ ಹಾಗೇ ಕರೆಯುತ್ತಿದ್ದ, ಅವಳು ಎತ್ತಿ ಆಡಿಸಿದ, ಈಗ ಮೀಸೆ ಬಂದ ಹುಡುಗರೂ ಹಾಗೇ ಕರೆಯುತ್ತಿದ್ದರು.

ಮಗಳು ದೊಡ್ಡಾಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಯುವವಳು. ಅಳಿಯ ಲಿಫ್ಟ್ ರಿಪೇರಿಯವನು. "ಊರಿನವರನ್ನೆಲ್ಲ ಮೇಲೆ ಹತ್ತಿಸ್ತೀನಿ ಅತ್ತೆ, ನಮ್ಮ ಕಟ್ಟಡಕ್ಕೇ ಲಿಫ್ಟಿಲ್ಲ ನೋಡಿ" ಅಂತ ಮೂರನೇ ಮಹಡಿ ಹತ್ತಿ ಬಂದಾಗಲೆಲ್ಲ ನಗುತ್ತಿದ್ದ. ಅವರಿಬ್ಬರೂ ಕೆಲಸಕ್ಕೆ ಹೋದ ಮೇಲೆ ಮನೆಯಲ್ಲಿ ಉಳಿಯುತ್ತಿದ್ದವರು ಆಯಮ್ಮ ಮತ್ತು ಹದಿನಾಲ್ಕು ತಿಂಗಳ ಬಟಾಣಿ. ಹುಟ್ಟಿದಾಗ ಒಂದು ಹಿಡಿಯಷ್ಟೇ ಇದ್ದ ಕೂಸಿಗೆ ಅಳಿಯನೇ ಇಟ್ಟ ಹೆಸರು ಅದು. ಮಲಗಿದ್ದಲ್ಲೇ ಮಲಗಿರುವವರೆಗೆ ಎಲ್ಲ ಸಲೀಸಾಗಿ ನಡೆಯಿತು. ಬಟಾಣಿ ಉರುಳತೊಡಗಿದ್ದೇ ತೊಂದರೆ.

ಒಂದು ಬೆಳಿಗ್ಗೆ ಹಾಲಿನವನು ಹೋದ ಮೇಲೆ ಬಾಗಿಲು ಸರಿಯಾಗಿ ಹಾಕಿಕೊಂಡಿರಲಿಲ್ಲ. ಆಯಮ್ಮ ಒಲೆಯ ಮೇಲಿನ ಹಾಲು ಇಳಿಸಿ ತಿರುಗುವಷ್ಟರಲ್ಲಿ ಮಗು ಹೊಸ್ತಿಲು ದಾಟಿತ್ತು. ಅವಳು ಕೋಲು ಹುಡುಕಿ, ಗೋಡೆ ಹಿಡಿದು ಹೊರಗೆ ಬಂದಾಗ ಬಟಾಣಿ ಮೆಟ್ಟಿಲಿನ ತುದಿಯಲ್ಲಿ ನಿಂತು ಎರಡೂ ಕೈ ಬೀಸಿ ನಗುತ್ತಿತ್ತು. ಓಡೋಣವೆಂದರೆ ಕಾಲು ಮಾತು ಕೇಳಲಿಲ್ಲ. ಕೂಗಿದರೆ ಮಗು ಬೆಚ್ಚಿ ಬೀಳುತ್ತದೆ. ಅವಳು ಉಸಿರೂ ಬಿಡದೆ ನಿಂತಳು. ಪುಣ್ಯಕ್ಕೆ ಕೆಳಗಿನಿಂದ ಬರುತ್ತಿದ್ದ ಪಕ್ಕದ ಮನೆಯಾಕೆ ಕೈಚೀಲ ಎಸೆದು ಮಗುವನ್ನು ಬಾಚಿಕೊಂಡಳು.

ಮಗಳಿಗೆ ಸಂಜೆ ವಿಷಯ ತಿಳಿಯಿತು. ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು ಅಂತ ಆಯಮ್ಮನಿಗೆ ಅನ್ನಿಸಿತು. ಮರುದಿನ ಮಗಳು ಒಂದು ಹಾಳೆಗೆ ಗೆರೆ ಎಳೆದು ಮನೆ ಮನೆ ಮಾಡಿದಳು. ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಮಕ್ಕಳು ಎಷ್ಟು, ನೋಡಿಕೊಳ್ಳುವವರು ಎಷ್ಟು, ಕಕ್ಕಸು ಹೇಗಿದೆ. ಆಸ್ಪತ್ರೆಯ ಅಭ್ಯಾಸ, ಎಲ್ಲವನ್ನೂ ಬರೆದಿಟ್ಟುಕೊಳ್ಳುವುದು.

"ನೀನೂ ಬಾ ಅಮ್ಮ. ನಿನ್ನ ಕಣ್ಣಿಗೆ ಕಾಣೋದು ನನ್ನ ಕಣ್ಣಿಗೆ ಕಾಣಲ್ಲ."

ಹೀಗೆ ಹತ್ತು ದಿನ ಇಬ್ಬರೂ ಬಡಾವಣೆ ಸುತ್ತಿದರು.

ಮೊದಲು ಎದುರು ಕಟ್ಟಡದ ನೆಲಮಹಡಿಯ ಹೊಲಿಗೆಯಾಕೆ. ಬಟ್ಟೆ ಹೊಲಿಯುತ್ತಲೇ ಆರು ಮಕ್ಕಳನ್ನು ನೋಡಿಕೊಳ್ಳುವವಳು. ನೋಡಿಕೊಳ್ಳುತ್ತಿದ್ದದ್ದು ಅವಳಲ್ಲ, ಟಿ.ವಿ. ಆರೂ ಮಕ್ಕಳು ಬಾಯಿ ತೆರೆದು ಅದರ ಮುಂದೆ ಕೂತಿದ್ದವು. ಒಂದರ ಅಂಗೈಯಲ್ಲಿ ಗುಂಡುಸೂಜಿ ಇತ್ತು. ಆಯಮ್ಮ ಮೆಲ್ಲಗೆ ಬಗ್ಗಿ ಅದನ್ನು ತೆಗೆದು ಮೇಜಿನ ಮೇಲಿಟ್ಟಳು. "ಅಯ್ಯೋ, ಅವರಿಗೆ ಗೊತ್ತು ಕಣ್ರೀ, ಬಾಯಿಗೆ ಹಾಕ್ಕೊಳಲ್ಲ" ಅಂದಳು ಹೊಲಿಗೆಯಾಕೆ. ಕೆಟ್ಟವಳೇನಲ್ಲ. ಬಾಯಿ ತುಂಬ ಮಾತು, ಬಂದವರಿಗೆ ಕುರ್ಚಿ, ಮಕ್ಕಳಿಗೆ ಬಿಸ್ಕತ್ತು. ಮಗಳು ಹಾಳೆಯಲ್ಲಿ "ಸೂಜಿ" ಅಂತಷ್ಟೇ ಬರೆದುಕೊಂಡಳು.

ನೀರಿನ ಟ್ಯಾಂಕಿನ ಹಿಂದಿನ ಸರ್ಕಾರಿ ಕೇಂದ್ರ ಚೊಕ್ಕಟವಾಗಿತ್ತು, ಟೀಚರೂ ಒಳ್ಳೆಯವಳು. ಆದರೆ ಮೂರು ವರ್ಷ ತುಂಬಿರಬೇಕು, ಒಂದು ಗಂಟೆಗೆ ಬೀಗ. "ಒಂದು ಗಂಟೆಗೆ ನಿಮ್ಮ ಡ್ಯೂಟಿ ಮುಗಿಯತ್ತಾ ಅಮ್ಮ? ಮುಗಿಯಲ್ಲ. ನನಗೂ ಗೊತ್ತು, ಸರ್ಕಾರಕ್ಕೂ ಗೊತ್ತು. ಏನ್ಮಾಡೋದು" ಅಂತ ಟೀಚರು ತಾನೇ ನಿಟ್ಟುಸಿರಿಟ್ಟಳು.

ಮಗಳ ಆಸ್ಪತ್ರೆಯಲ್ಲೂ ನೌಕರರ ಮಕ್ಕಳಿಗೆ ಅಂತ ಒಂದು ಕೋಣೆ ಇತ್ತು. ಬಾಗಿಲ ಮೇಲೆ ನಗುವ ಸೂರ್ಯನ ಚಿತ್ರ. ಒಳಗೆ ಮುರಿದ ಗಾಲಿಕುರ್ಚಿಗಳು, ಹಳೆಯ ಫೈಲುಗಳು, ಒಂದು ಸತ್ತ ಪಾರಿವಾಳ. "ಮುಂದಿನ ವರ್ಷ ಶುರುವಾಗತ್ತೆ" ಅಂದ ಕಾವಲಿನವನು. "ನಾನು ಸೇರಿದಾಗಿನಿಂದ ಮುಂದಿನ ವರ್ಷಾನೇ" ಅಂತಲೂ ಸೇರಿಸಿದ.

ಉಳಿದದ್ದು ಬಣ್ಣದ ಗೋಡೆಯ ಶಾಲೆ. ಕಾಂಪೌಂಡಿನ ತುಂಬ ಚಿಟ್ಟೆ, ಮೀನು, ಆನೆ ಬಿಡಿಸಿದ್ದರಿಂದ ಬಡಾವಣೆಯವರು ಅದನ್ನು ಹಾಗೇ ಕರೆಯುತ್ತಿದ್ದರು. ಆರು ತಿಂಗಳ ಕೂಸಿನಿಂದ ಹಿಡಿದು ಐದು ವರ್ಷದವರವರೆಗೆ, ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ. ಆಯಮ್ಮ ಕೊನೆಯ ಏಳು ವರ್ಷ ಕೆಲಸ ಮಾಡಿದ್ದು ಅಲ್ಲೇ. ಅದಕ್ಕೇ ಮಗಳಿಗೆ ಮೊದಲಿನಿಂದಲೂ ಮನಸ್ಸು ಅಲ್ಲಿಯೇ ಇತ್ತು. ಉಳಿದವನ್ನೆಲ್ಲ ನೋಡಿದ್ದು ನೋಡಿದೆವು ಅಂತ ಸಮಾಧಾನಕ್ಕೆ. ಮಗಳು ಆ ಶಾಲೆಯ ಮಾತೆತ್ತಿದಾಗಲೆಲ್ಲ ಆಯಮ್ಮನಿಗೆ ಒಳಗೆ ಏನಾದರೂ ಕೆಲಸ ನೆನಪಾಗುತ್ತಿತ್ತು. ಒಲೆ ನೋಡಿ ಬರುತ್ತೇನೆ, ಬಟ್ಟೆ ತೆಗೆದು ಬರುತ್ತೇನೆ ಅಂತ ಎದ್ದುಹೋಗುತ್ತಿದ್ದಳು. "ಸೊಂಟ ನೋಯ್ತಿದೆ, ಇವತ್ತು ನೀನೊಬ್ಬಳೇ ಹೋಗಿ ಬಾ" ಅಂತಲೂ ಹೇಳಿ ನೋಡಿದಳು.

"ಆಟೋದಲ್ಲಿ ಹೋಗೋಣ ಬಾ. ನೀನಿಲ್ಲದೆ ಅಲ್ಲಿ ಯಾರು ನನ್ನ ಮಾತಾಡಿಸ್ತಾರೆ?"

ಶಾಲೆ ನಡೆಸುವ ಮೇಡಂ ಎರಡು ಗಂಟೆಗೆ ಬನ್ನಿ ಅಂದಿದ್ದರು. ಗೇಟಿನವರೆಗೂ ತಾವೇ ಬಂದು ಆಯಮ್ಮನ ಎರಡೂ ಕೈ ಹಿಡಿದುಕೊಂಡರು. "ಆಯಮ್ಮಾ! ಎಷ್ಟು ಇಳಿದುಹೋಗಿದ್ದೀರಿ! ನೀವು ಬಿಟ್ಟ ಮೇಲೆ ನಿಮ್ಮಂಥವರು ನನಗೆ ಸಿಗಲೇ ಇಲ್ಲ ನೋಡಿ." ಮಗಳ ಕಡೆ ತಿರುಗಿ, "ನಾನೇನಮ್ಮ ಹೇಳೋದು? ನಿಮ್ಮ ತಾಯಿನೇ ಇದ್ದಾರಲ್ಲ, ಅವರೇ ಗ್ಯಾರಂಟಿ" ಅಂದರು.

ಬಾಯಿಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡಂತೆ ಆಯಮ್ಮ ನಕ್ಕಳು.

ಆಟದ ಹಾಲ್, ಮೆತ್ತನೆಯ ಚಾಪೆ, ಮೂಲೆ ಮೂಲೆಗೂ ಕ್ಯಾಮೆರಾ. ಮೊಬೈಲಿನಲ್ಲೇ ಮಗುವನ್ನು ನೋಡಿಕೊಳ್ಳಬಹುದು ಅಂತ ಮೇಡಂ ತೋರಿಸಿದರು. ಅಡುಗೆಮನೆಗೂ ಮಲಗುವ ಕೋಣೆಗೂ ನಡುವಿನ ಓಣಿಯಲ್ಲಿ ಮಾತ್ರ ಕ್ಯಾಮೆರಾ ಇರಲಿಲ್ಲ. ಅದನ್ನು ಗಮನಿಸಿದ್ದು ಆಯಮ್ಮ ಒಬ್ಬಳೇ. ಮೇಡಂ ತುಟಿಯ ಮೇಲೆ ಬೆರಳಿಟ್ಟು ಮಲಗುವ ಕೋಣೆಯ ಬಾಗಿಲು ತೆರೆದರು. ಸಾಲಾಗಿ ಹದಿನೆಂಟು ಪುಟ್ಟ ಹಾಸಿಗೆ, ಹದಿನೆಂಟು ಮಕ್ಕಳು, ಎಲ್ಲರಿಗೂ ನಿದ್ದೆ.

"ಅಬ್ಬಾ!" ಅಂದಳು ಮಗಳು. "ಒಂದೂ ಎದ್ದಿಲ್ಲ."

ಆಯಮ್ಮ ಬಾಗಿಲಲ್ಲೇ ನಿಂತು ನೋಡಿದಳು. ತಾನಾಗಿ ಮಲಗಿದ ಮಗು ಸುಮ್ಮನಿರುವುದಿಲ್ಲ. ಕಾಲು ಝಾಡಿಸುತ್ತದೆ, ಹೊರಳುತ್ತದೆ, ಹೆಬ್ಬೆರಳು ಚೀಪುತ್ತದೆ, ಕನಸಿನಲ್ಲಿ ಮುಖ ಕಿವುಚುತ್ತದೆ. ಇಲ್ಲಿ ಒಂದು ಗಂಡುಮಗು ತನ್ನದೇ ಕೈಯ ಮೇಲೆ ಬೋರಲಾಗಿ ಬಿದ್ದಿತ್ತು. ಕೈ ಜೋಮು ಹಿಡಿದರೂ ಅದಕ್ಕೆ ಎಚ್ಚರವಾಗುವಂತಿರಲಿಲ್ಲ. ಮೂಲೆಯಲ್ಲಿ ಬಟ್ಟೆ ಮಡಿಸುತ್ತಿದ್ದ ನಡುವಯಸ್ಸಿನ ಹೊಸ ಆಯಾ ಆಯಮ್ಮನ ಕೋಲನ್ನು ನೋಡಿದಳು, ಸೀರೆಯನ್ನು ನೋಡಿದಳು. ಮುಖ ನೋಡಲಿಲ್ಲ.

ಬರುವಾಗ ಮಗಳು ಅರ್ಜಿ ತಂದಳು. ದಾರಿಯುದ್ದಕ್ಕೂ ಹಗುರಾಗಿ ಮಾತಾಡಿದಳು. ಆಟೋದಿಂದ ಇಳಿದು ಮೂರು ಮಹಡಿ ಹತ್ತುವಾಗ ಆಯಮ್ಮ ನಾಲ್ಕು ಸಲ ನಿಂತಳು. ಸೊಂಟದ ನೋವು ಅಂತ ಮಗಳು ಅಂದುಕೊಂಡಳು.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಮಗಳು ಮೇಜಿನ ಮುಂದೆ ಅರ್ಜಿ ತುಂಬಲು ಕೂತಳು. ಅಳಿಯ ಬಟಾಣಿಯನ್ನು ಹೆಗಲೇರಿಸಿಕೊಂಡು ಅಂಗಡಿಗೆ ಹೋಗಿದ್ದ.

"ನೋಡಮ್ಮ, ಎಷ್ಟು ಹುಷಾರು ಇವರು. ‘ಮಗುವಿಗೆ ಒಗ್ಗದ ಔಷಧಿಗಳಿದ್ದರೆ ಬರೆಯಿರಿ’ ಅಂತ ಕೇಳಿದ್ದಾರೆ."

ಆಯಮ್ಮ ಬಟ್ಟೆ ಮಡಿಸುತ್ತಿದ್ದಳು. ಬಟಾಣಿಯ ಅಂಗಿಯೊಂದನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು.

"ಅಲ್ಲಿಗೆ ಹಾಕಬೇಡ."

"ಯಾಕೆ?"

"ಬೇಡ ಅಂದೆನಲ್ಲ."

ಮಗಳು ಪೆನ್ನು ಎತ್ತಿದಳು. "ಅಮ್ಮ, ಹತ್ತು ದಿನ ಅಲೆದಿದ್ದೀವಿ. ಒಂದು ಕಡೆ ಸೂಜಿ, ಒಂದು ಕಡೆ ಬೀಗ, ಒಂದು ಕಡೆ ಸತ್ತ ಹಕ್ಕಿ. ಉಳಿದಿರೋದು ಇದೊಂದೇ. ನೀನೇ ಏಳು ವರ್ಷ ಇದ್ದ ಜಾಗ. ಕಾರಣ ಹೇಳು, ಈಗಲೇ ಹರಿದು ಹಾಕ್ತೀನಿ. ಸುಮ್ಮನೆ ಬೇಡ ಅಂದ್ರೆ ನಾನೇನು ಮಾಡ್ಲಿ?"

ಆಯಮ್ಮ ಕಾರಣ ಹೇಳಿದಳು.

ಮಧ್ಯಾಹ್ನದ ಊಟವಾದ ಮೇಲೆ ಎರಡು ವರ್ಷದೊಳಗಿನ ಮಕ್ಕಳಿಗೆ ಒಂದೊಂದು ಚಮಚ ಔಷಧಿ ಕುಡಿಸುತ್ತಿದ್ದರು. ಶೀತಕ್ಕೆ ಕೊಡುವ ಕೆಂಪು ಸಿರಪ್ಪು. ಅದು ಶುರುವಾದದ್ದೂ ಒಂದು ಮಗುವಿಗೆ ನಿಜವಾಗಿ ನೆಗಡಿಯಾಗಿದ್ದಾಗ. ಮನೆಯವರೇ ಬಾಟಲಿ ಕಳಿಸಿದ್ದರು. ದಿನವಿಡೀ ಚೀರುತ್ತಿದ್ದ ಆ ಮಗು ಅವತ್ತು ಮೂರು ಗಂಟೆ ಮಲಗಿತು. "ಇವತ್ತು ಎಷ್ಟು ಶಾಂತವಾಗಿದೆ ಅಲ್ವಾ ಆಯಮ್ಮ" ಅಂದರು ಮೇಡಂ. ಮುಂದಿನ ವಾರ ರಟ್ಟಿನ ಪೆಟ್ಟಿಗೆಯಲ್ಲಿ ಬಾಟಲಿಗಳು ಬಂದವು. ಆಗ ಇಪ್ಪತ್ತೆರಡು ಕೂಸುಗಳಿದ್ದವು, ನೋಡಿಕೊಳ್ಳಲು ಇಬ್ಬರು. ಒಂದಕ್ಕೆ ಚಡ್ಡಿ ಬದಲಿಸುವಷ್ಟರಲ್ಲಿ ನಾಲ್ಕು ಅಳುತ್ತಿದ್ದವು. ಚಮಚ ಬಂದ ಮೇಲೆ ಮಧ್ಯಾಹ್ನ ಕೂತು ಎರಡು ತುತ್ತು ಉಣ್ಣುವಂತಾಯಿತು.

"ಯಾವ ಚಮಚ?" ಅಂತ ಕೇಳಿದಳು ಮಗಳು. ಅವಳ ದನಿ ಆಸ್ಪತ್ರೆಯ ದನಿಯಾಗಿತ್ತು. "ಬಾಟಲಿ ಜೊತೆ ಬರತ್ತಲ್ಲ ಅಳತೆದು, ಅದಾ? ಅಡುಗೆಮನೆದಾ?"

"ಅಡುಗೆಮನೆದು."

"ಯಾರು ಕುಡಿಸ್ತಿದ್ದದ್ದು?"

"ನಾನು. ನನ್ನ ಜೊತೆ ಒಬ್ಬಳು ಎತ್ತರದವಳು ಇದ್ದಳಲ್ಲ, ಅವಳು. ಇಬ್ಬರೂ."

ಮಗಳು ಪೆನ್ನಿನ ಮುಚ್ಚಳ ಹಾಕಿದಳು.

ಒಮ್ಮೆ ಬಾಯಿಬಿಟ್ಟ ಮೇಲೆ ಆಯಮ್ಮನಿಗೆ ಅರ್ಧಕ್ಕೆ ನಿಲ್ಲಿಸಲು ಆಗಲಿಲ್ಲ. ಗುಂಗುರು ಅಂತ ಒಬ್ಬನಿದ್ದ. ತಲೆ ತುಂಬ ಸುರುಳಿ ಕೂದಲು, ಒಂದೂಕಾಲು ವರ್ಷ. ಒಂದು ದಿನ ಎತ್ತರದವಳು ಅವನಿಗೆ ಚಮಚ ಕುಡಿಸಿ ನೀರು ತರಲು ಹೋಗಿದ್ದಳು. ಅವನು ಅಳುತ್ತಲೇ ಇದ್ದ. ಕುಡಿಸಿಲ್ಲ ಅಂದುಕೊಂಡು ಆಯಮ್ಮ ಇನ್ನೊಂದು ಕುಡಿಸಿದಳು. ನಾಲ್ಕು ಗಂಟೆಗೆ ಎಲ್ಲರೂ ಎದ್ದರು, ಅವನು ಏಳಲಿಲ್ಲ. ಎತ್ತಿದರೆ ಕತ್ತು ನಿಲ್ಲಲಿಲ್ಲ. ಅಂಗೈ ತಣ್ಣಗಿತ್ತು. ಮೇಡಂ ಮುಖಕ್ಕೆ ನೀರು ಚಿಮುಕಿಸಿದರು, ಪಾದ ಉಜ್ಜಿಸಿದರು, ಆದರೆ ಡಾಕ್ಟರನ್ನು ಮಾತ್ರ ಕರೆಸಲಿಲ್ಲ. ಐದೂವರೆಗೆ ಅವನ ತಾಯಿ ಬಂದಾಗ "ಸ್ವಲ್ಪ ಜ್ವರದ ಹಾಗಿದೆ, ಸುಸ್ತಾಗಿ ಮಲಗಿದಾನೆ" ಅಂದರು. ಆಕೆ ಮಗುವಿನ ಮುಖ ನೋಡಿದವಳೇ ಚಪ್ಪಲಿ ಬಿಟ್ಟು ಓಡಿದಳು.

"ಮಾರನೇ ದಿನ ಅವನಪ್ಪ ಬಂದಿದ್ದ. ಏನೇನು ತಿನ್ನಿಸಿದಿರಿ, ಏನು ಕುಡಿಸಿದಿರಿ, ಡಾಕ್ಟರು ಕೇಳ್ತಿದ್ದಾರೆ ಅಂದ. ಎಲ್ಲರಿಗೂ ಕೊಟ್ಟ ಊಟಾನೇ ಅಂದ್ರು ಮೇಡಂ. ಆ ಮನುಷ್ಯ ಅವರನ್ನ ನಂಬಲಿಲ್ಲ. ನನ್ನ ಕಡೆ ತಿರುಗಿ, ಆಯಮ್ಮ, ನೀವು ಹೇಳಿ ಅಂದ."

"ನೀನೇನಂದೆ?"

"ಬೇರೆ ಏನೂ ಕೊಟ್ಟಿಲ್ಲ ಸಾರ್ ಅಂದೆ."

ಹೊರಗೆ ಯಾರದೋ ಮನೆಯ ಕುಕ್ಕರು ಕೂಗಿತು. ಮಗಳು ಅದು ಮುಗಿಯುವವರೆಗೂ ಕಾದಳು.

"ಆಮೇಲೆ?"

"ಅವನನ್ನ ಮತ್ತೆ ಕರ್ಕೊಂಡು ಬರಲಿಲ್ಲ. ಮನೆ ಖಾಲಿ ಮಾಡಿಕೊಂಡು ಹೋದರಂತೆ."

"ಬದುಕಿದನಾ?"

"ಗೊತ್ತಿಲ್ಲ."

"ವಿಚಾರಿಸಲಿಲ್ವಾ?"

"ಹೆದರಿಕೆ ಆಯ್ತು ಕಣೇ."

"ಆಮೇಲೆ ನಿಂತಿತಾ, ಚಮಚ?"

"ಒಂದು ವಾರ ನಿಂತಿತು."

"ವಾರ ಆದ ಮೇಲೆ?"

"ಕೊಟ್ಟೆ."

"ಎಷ್ಟು ದಿನ?"

"ಎರಡು ವರ್ಷ. ನಾನು ಬಿಡೋವರೆಗೂ."

ಆ ಎರಡು ವರ್ಷ ಮಗಳು ಎಕ್ಸ್-ರೇ ಕೋರ್ಸು ಓದುತ್ತಿದ್ದ ವರ್ಷಗಳು. ‘ನಿನ್ನ ಓದು ನಿಲ್ಲಬಾರದು ಅಂತ’ ಅನ್ನುವ ಮಾತು ಆಯಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಅದು ನಿಜವೂ ಆಗಿತ್ತು. ಆದರೆ ಅದನ್ನು ಹುಡುಗಿಯ ತಲೆಗೆ ಕಟ್ಟುವಷ್ಟು ಕೆಟ್ಟವಳಾಗಲು ಮನಸ್ಸು ಒಪ್ಪಲಿಲ್ಲ, ನುಂಗಿಕೊಂಡಳು. ನುಂಗಿ ಪ್ರಯೋಜನವಾಗಲಿಲ್ಲ. ಮಗಳು ಆಗಲೇ ವರ್ಷಗಳನ್ನು ಹೊಂದಿಸಿ ನೋಡಿಕೊಂಡಿದ್ದಳು.

"ಆ ತಾಯಂದಿರು ನನಗೆ ಕೈ ಮುಗೀತಿದ್ರು" ಅಂದಳು ಆಯಮ್ಮ, ಯಾರನ್ನೋ ಕೇಳುವ ಹಾಗೆ. "ಮನೆಯಲ್ಲಿ ಮಲಗೋದೇ ಇಲ್ಲ ಆಯಮ್ಮ, ನಿಮ್ಮ ಹತ್ರ ಹೇಗೆ ಮಲಗ್ತಾರೆ, ಅದು ನಿಮ್ಮ ಕೈಗುಣ ಅಂತಿದ್ರು. ನಾನು ನಗ್ತಿದ್ದೆ. ಮೊನ್ನೆ ನೋಡಿದೆಯಲ್ಲ ಹದಿನೆಂಟು ಮಕ್ಕಳನ್ನ? ಅದೂ ಹಾಗೇ ಮಲಗಿಸಿದ್ದು. ನನಗೆ ಗೊತ್ತಾಗತ್ತೆ."

ಮಗಳು ಅರ್ಜಿಯನ್ನು ಎರಡು ತುಂಡು ಮಾಡಿದಳು. ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋಗಿ, ಬೆನ್ನು ತಿರುಗಿಸಿಕೊಂಡೇ ನಿಂತಳು.

"ಅಮ್ಮ. ನಮ್ಮ ಬಟಾಣಿಗೆ ಯಾವತ್ತಾದರೂ ಕುಡಿಸಿದೀಯಾ?"

"ಇಲ್ಲ."

"ಹೋದ ತಿಂಗಳು ಒಂದು ದಿನ ನಾನು ಬಂದಾಗ ಸಂಜೆ ಆರಾದರೂ ಮಲಗಿದ್ದಳು."

"ಅವತ್ತು ಹಲ್ಲು ಬರ್ತಿತ್ತು ಮಗಳೇ. ಬೆಳಿಗ್ಗೆಯಿಂದ ಅತ್ತೂ ಅತ್ತೂ ಸುಸ್ತಾಗಿದ್ದಳು. ನಿನ್ನಾಣೆ, ಇಲ್ಲ."

ಅದು ಸತ್ಯ. ಆದರೆ ಆ ಅಪ್ಪನಿಗೆ ಸುಳ್ಳು ಹೇಳಿದ್ದೂ ಇದೇ ಬಾಯಿ. ಮಗಳು ತಿರುಗಿ ನೋಡಿದಾಗ ಅವಳ ಕಣ್ಣಿನಲ್ಲಿ ಆ ಲೆಕ್ಕ ನಡೆಯುತ್ತಿರುವುದು ಆಯಮ್ಮನಿಗೆ ಕಂಡಿತು. ಸಂಜೆ ಅವಳು ನೋವಿನ ಮಾತ್ರೆಗೆ ಅಂತ ಕಪಾಟು ತೆರೆದರೆ ಕೆಳಗಿನ ಸಾಲಿನಲ್ಲಿದ್ದ ಔಷಧಿ ಬಾಟಲಿಗಳು ಇರಲಿಲ್ಲ. ಎಲ್ಲವೂ ಅಟ್ಟದ ಮೇಲೆ, ಸ್ಟೂಲು ಹತ್ತಿದರೆ ಮಾತ್ರ ಸಿಗುವ ಕಡೆ ಹೋಗಿದ್ದವು. ಅವಳ ಎರಡು ಮಾತ್ರೆಗಳನ್ನು ಒಂದು ಬಟ್ಟಲಿನಲ್ಲಿ ಎಣಿಸಿ ಇಟ್ಟಿದ್ದರು.

ಸೋಮವಾರ ಮಗಳು ಕೆಲಸಕ್ಕೆ ಹೋಗುವ ಮೊದಲು ಬಣ್ಣದ ಗೋಡೆಯ ಶಾಲೆಗೆ ಹೋದಳು. ಮೇಡಂ ಅವಳ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡರಂತೆ. ಸಿಟ್ಟಾಗಲಿಲ್ಲವಂತೆ. ಕುಡಿಯಲು ನೀರು ತರಿಸಿ, ಬಹಳ ಬೇಜಾರಿನಿಂದ ಹೇಳಿದರಂತೆ.

"ಏನಂದ್ರು?" ಅಂತ ಅಳಿಯ ಕೇಳಿದ. ಸಂಜೆ ಮೂವರೂ ಊಟದ ಮೇಜಿನಲ್ಲಿದ್ದರು. ಬಟಾಣಿ ಮೇಜಿನ ಕೆಳಗೆ ಚಮಚ ಬಡಿದು ಸದ್ದು ಮಾಡುತ್ತಿತ್ತು.

"ಅದನ್ನ ಮಾಡ್ತಿದ್ದದ್ದು ಅಮ್ಮಾನೇ ಅಂತೆ. ಅವರಿಗೆ ಗೊತ್ತೇ ಇರಲಿಲ್ವಂತೆ. ಗೊತ್ತಾದ ದಿನವೇ ಕೆಲಸದಿಂದ ತೆಗೆದ್ರಂತೆ. ವಯಸ್ಸಾದವರು, ಮಗಳು ಓದ್ತಿದ್ದಾಳೆ ಅಂತ ಪೊಲೀಸಿಗೆ ಕೊಡಲಿಲ್ವಂತೆ. ಇಷ್ಟು ವರ್ಷ ಯಾರ ಹತ್ರಾನೂ ಬಾಯಿಬಿಡಲಿಲ್ಲ, ನಿಮ್ಮ ತಾಯಿ ಅಂತ ಮೊನ್ನೆನೂ ಮರ್ಯಾದೆ ಕೊಟ್ಟೆ ಅಂದ್ರು."

ಆಯಮ್ಮ ತಟ್ಟೆ ಪಕ್ಕಕ್ಕೆ ಸರಿಸಿದಳು. "ನಾನೇ ಬಿಟ್ಟೆ. ನಿನಗೆ ಕೆಲಸ ಸಿಕ್ಕಿದ ತಿಂಗಳೇ ನಾನೇ ಬಿಟ್ಟೆ. ನಿನಗೇ ಗೊತ್ತಲ್ಲ!"

"ನೀನು ಬಂದು ‘ಬಿಟ್ಟೆ’ ಅಂದೆ. ಅಷ್ಟೇ ನನಗೆ ಗೊತ್ತಿರೋದು."

ಅಳಿಯ ಮೆತ್ತಗಿನ ಮನುಷ್ಯ. ಜಗಳ ಅಂದರೆ ಅವನಿಗೆ ಹೊಟ್ಟೆನೋವು ಬರುತ್ತಿತ್ತು. "ಅಲ್ಲ ಕಣೇ," ಅಂದ, "ಸುಳ್ಳು ಹೇಳೋರು ತಮಗೆ ಒಳ್ಳೆದಾಗೋ ಸುಳ್ಳು ಹೇಳ್ತಾರೆ. ತನ್ನ ಕೊರಳಿಗೆ ತಾನೇ ಹಗ್ಗ ಹಾಕ್ಕೊಳೋ ಸುಳ್ಳು ಯಾರು ಹೇಳ್ತಾರೆ?"

"ಅಷ್ಟು ನನಗೂ ಗೊತ್ತು ಕಣ್ರೀ" ಅಂದಳು ಮಗಳು. "ಆಯಮ್ಮನ ಮಗಳಾಗಿ ಯೋಚನೆ ಮಾಡಿದ್ರೆ ಗೊತ್ತು. ಬಟಾಣಿಯ ತಾಯಿಯಾಗಿ ಯೋಚನೆ ಮಾಡಿದ್ರೆ ಏನೂ ಗೊತ್ತಾಗ್ತಿಲ್ಲ."

ಆ ವಾರವೆಲ್ಲ ಅಳಿಯ ಮಗುವಿಗಾಗಿ ರಜೆ ಹಾಕಿದ್ದ. ಗುರುವಾರ ಬೆಳಿಗ್ಗೆ ಮಗು ಅವನ ಹತ್ತಿರವಿದ್ದಾಗ ಆಯಮ್ಮ ಒಗೆದ ಸೀರೆ ಉಟ್ಟು, ಒಂದೊಂದೇ ಮೆಟ್ಟಿಲು ಕೂತು ಎದ್ದು ಇಳಿದು, ಆಟೋ ಹಿಡಿದು ಮಕ್ಕಳ ಕಲ್ಯಾಣ ಕಚೇರಿಗೆ ಹೋದಳು. ಯಾರಿಗೂ ಹೇಳಿರಲಿಲ್ಲ. ಅಲ್ಲಿ ಬೆಂಚು, ಬೆಂಚಿನ ತುಂಬ ಜನ. ಎರಡು ಗಂಟೆ ಕಾದ ಮೇಲೆ ಕನ್ನಡಕದ ಗುಮಾಸ್ತ ಕರೆದ. ಅವಳಿಗೆ ಬರವಣಿಗೆ ನಿಧಾನ, ಆದ್ದರಿಂದ ಅವಳು ಹೇಳಿದ್ದನ್ನು ಅವನೇ ಬರೆದುಕೊಂಡ. ಶಾಲೆಯ ವಿಳಾಸ, ಮೇಡಂ ಹೆಸರು, ಎಷ್ಟು ಮಕ್ಕಳು, ಯಾವ ಬಣ್ಣದ ಔಷಧಿ.

"ಕುಡಿಸ್ತಿದ್ದವರು ಯಾರು?"

"ನಾನು."

ಗುಮಾಸ್ತ ಕನ್ನಡಕ ತೆಗೆದ. "ಅಮ್ಮ, ನೀವು ದೂರು ಕೊಡ್ತಿದ್ದೀರೋ, ತಪ್ಪೊಪ್ಪಿಗೆ ಕೊಡ್ತಿದ್ದೀರೋ?"

"ಎರಡಕ್ಕೂ ಬೇರೆ ಬೇರೆ ಕಾಗದ ಬೇಕಾ ಸ್ವಾಮಿ?"

ಅವನು ನಗಲಿಲ್ಲ. "ಮನೆಗೆ ಹೋಗಿ ಯೋಚನೆ ಮಾಡಿ ಬನ್ನಿ. ಮೊದಲು ಜೈಲಲ್ಲಿ ಕೂರಿಸೋದು ನಿಮ್ಮನ್ನೇ" ಅಂದ.

"ಬರ್ಕೊಳ್ಳಿ" ಅಂದಳು ಆಯಮ್ಮ. "ಗುಂಗುರು ಅಂತ ಒಬ್ಬ ಹುಡುಗ ಇದ್ದ. ಅವನ ವಿಷಯಾನೂ ಬರ್ಕೊಳ್ಳಿ."

"ಪೂರ್ತಿ ಹೆಸರು?"

ಅವಳಿಗೆ ಗೊತ್ತಿರಲಿಲ್ಲ. ಅವನಿಗೆ ಕುಡಿಯುವ ಲೋಟದ ಹಿಡಿ ಎಡಗಡೆಗೇ ಬೇಕಿತ್ತು ಅನ್ನುವುದು ಗೊತ್ತಿತ್ತು. ಮಲಗಿಸುವಾಗ ಕಿವಿಯ ಹಿಂದೆ ಕೆರೆದರೆ ನಗುತ್ತಿದ್ದ ಅನ್ನುವುದು ಗೊತ್ತಿತ್ತು. ಗುಮಾಸ್ತ ಅವೆರಡನ್ನೂ ಬರೆದುಕೊಳ್ಳಲಿಲ್ಲ.

ಮೂರು ವಾರ ಕಳೆದ ಮೇಲೆ ಶಾಲೆಗೆ ತಪಾಸಣೆಯವರು ಹೋದರು. ಹೋಗುವ ದಿನ ಮೊದಲೇ ತಿಳಿಸಿಯೇ ಹೋದರು. ಬಾಟಲಿ ಒಂದೂ ಸಿಗಲಿಲ್ಲ. ಗುಂಗುರು ಇದ್ದ ವರ್ಷದ ದಾಖಲೆ ಪುಸ್ತಕಕ್ಕೆ ಗೆದ್ದಲು ಹಿಡಿದಿದೆ ಅಂದರು. ಎತ್ತರದವಳು ಎಲ್ಲಿದ್ದಾಳೋ ಯಾರಿಗೂ ಗೊತ್ತಾಗಲಿಲ್ಲ. ಹೊಸ ಆಯಾ, ನನಗೇನೂ ಗೊತ್ತಿಲ್ಲ ಸಾರ್, ಮಕ್ಕಳು ತಾವಾಗೇ ಮಲಗ್ತಾರೆ ಅಂತ ಹೇಳಿಕೆ ಕೊಟ್ಟಳು. ಶಾಲೆ ಒಂಬತ್ತು ದಿನ ಮುಚ್ಚಿ, ಹತ್ತನೆಯ ದಿನ ತೆರೆಯಿತು. ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸಿಕೊಂಡರು, ಐದು ಹೊಸ ಮಕ್ಕಳು ಸೇರಿದವು. ಕಾಲಿಗೆ ಚಕ್ರ ಕಟ್ಟಿಕೊಂಡು ದುಡಿಯುವ ತಾಯಂದಿರಿಗೆ ಬೇರೆ ದಾರಿಯಾದರೂ ಎಲ್ಲಿತ್ತು? ಆಯಮ್ಮನ ಹೇಳಿಕೆಯನ್ನು ಪೊಲೀಸಿನವರು ಎರಡು ಸಲ ಬರೆಸಿಕೊಂಡು ಹೋದರು. ಮೂರನೇ ಸಲ ಬರುತ್ತೇವೆ ಅಂದವರು ಬರಲಿಲ್ಲ. ಇನ್ನು ಬರುವುದೇ ಇಲ್ಲ ಅನ್ನುವಂತೆಯೂ ಇರಲಿಲ್ಲ.

ಅಷ್ಟರಲ್ಲಿ ಬಡಾವಣೆಯ ತಂದೆತಾಯಿಯರ ಮೊಬೈಲುಗಳಲ್ಲಿ ಆಯಮ್ಮನ ಫೋಟೋ ಓಡಾಡಿತು. ಹಳೆಯ ಫೋಟೋ. ಯಾರದೋ ಕೂಸನ್ನು ಎತ್ತಿಕೊಂಡು ನಗುತ್ತಿದ್ದದ್ದು. ‘ಈಕೆಯ ಕೈಗೆ ಮಕ್ಕಳನ್ನು ಕೊಡಬೇಡಿ’ ಅಂತ ಕೆಳಗೆ ಬರೆದಿತ್ತು. ಯಾರು ಹಾಕಿದರೋ. ಅಳಿಯ ತೋರಿಸಬಾರದು ಅಂತ ಮುಚ್ಚಿಟ್ಟ, ಪಕ್ಕದ ಮನೆಯಾಕೆ ತೋರಿಸಿದಳು. ತರಕಾರಿಯವನು ಈಗಲೂ ಆಯಮ್ಮ ಅಂತಲೇ ಕರೆಯುತ್ತಿದ್ದ. ಮೊದಲು ಗಾಡಿ ನಿಲ್ಲಿಸಿ ಸೊಂಟ ಹೇಗಿದೆ ಅಂತ ಕೇಳುತ್ತಿದ್ದವನು ಈಗ ತೂಕ ಮಾಡಿ ಕೊಟ್ಟು ಮುಂದೆ ಹೋಗುತ್ತಿದ್ದ.

ಬಟಾಣಿಯನ್ನು ಎಲ್ಲಿಗೂ ಸೇರಿಸಲಿಲ್ಲ. ಮಗಳು ಗೆರೆ ಎಳೆದ ಹಾಳೆಯನ್ನು ಮಡಿಸಿ ಎಲ್ಲೋ ಇಟ್ಟುಬಿಟ್ಟಳು. ಆಸ್ಪತ್ರೆಯಲ್ಲಿ ಕಾಡಿ ಬೇಡಿ ಮಧ್ಯಾಹ್ನದ ಪಾಳಿ ಹಾಕಿಸಿಕೊಂಡಳು, ಅಳಿಯ ಬೆಳಗಿನ ಜಾವದ ಪಾಳಿ ಹಿಡಿದ. ಅವನು ಒಂದೂವರೆಗೆ ಬರುತ್ತಿದ್ದ, ಅವಳು ಒಂದೂಮುಕ್ಕಾಲಿಗೆ ಹೊರಡುತ್ತಿದ್ದಳು. ಗಂಡ ಹೆಂಡತಿ ಬಾಗಿಲಲ್ಲಿ ಮಗುವನ್ನು ಕೈಬದಲಾಯಿಸುವಾಗ ಆಡಿದಷ್ಟೇ ಮಾತು. ಆಯಮ್ಮ ಅಡುಗೆ ಮಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು. ಯಾರೂ ಅವಳಿಗೆ ಕೆಟ್ಟ ಮಾತಾಡಲಿಲ್ಲ. ಮಗಳು ಮಾತ್ರೆ ಎಣಿಸಿಡುವುದನ್ನು ಒಂದು ದಿನವೂ ಮರೆಯಲಿಲ್ಲ. ಆದರೆ ಆ ಮನೆಯಲ್ಲಿ ಮಗು ಮತ್ತು ಆಯಮ್ಮ ಇಬ್ಬರೇ ಇರುವ ಗಳಿಗೆ ಅಂತ ಒಂದೂ ಇರಲಿಲ್ಲ. ಮಗಳು ಸ್ನಾನಕ್ಕೆ ಹೋದರೂ ಬಟಾಣಿಯನ್ನು ಬಚ್ಚಲಿನ ಬಾಗಿಲ ಬಳಿ ಕೂರಿಸಿಕೊಳ್ಳುತ್ತಿದ್ದಳು.

ಒಂದು ದಿನ ಒಂದೂವರೆಯಾದರೂ ಅಳಿಯ ಬರಲಿಲ್ಲ. ಮಗಳ ಫೋನಿಗೆ ಕರೆ ಬಂತು. ಬ್ಯಾಂಕಿನ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಒಳಗೆ ಮೂವರು ಸಿಕ್ಕಿಕೊಂಡಿದ್ದಾರೆ, ಬಿಡಿಸಿ ಬರುತ್ತೇನೆ, ಅರ್ಧ ಗಂಟೆ ಅಂದ.

ಮಗಳು ಆಗಲೇ ಶೂ ಹಾಕಿಕೊಂಡು ಚೀಲ ಹೆಗಲಿಗೇರಿಸಿದ್ದಳು. ಗಡಿಯಾರ ನೋಡಿದಳು. ಪಕ್ಕದ ಮನೆಗೆ ಬೀಗ ಬಿದ್ದಿತ್ತು.

"ನೀನು ಹೋಗಮ್ಮ, ಹೊತ್ತಾಗತ್ತೆ" ಅಂದಳು ಆಯಮ್ಮ ಮಂಚದ ತುದಿಯಲ್ಲಿ ಕೂತು. ಅಂದ ಮೇಲೆ ಯಾಕಾದರೂ ಅಂದೆನೋ ಅನ್ನಿಸಿತು.

"ಪರವಾಗಿಲ್ಲ" ಅಂದಳು ಮಗಳು. ಚೀಲ ಇಳಿಸದೆ ಕುರ್ಚಿಯಲ್ಲಿ ಕೂತು ಆಸ್ಪತ್ರೆಗೆ ಫೋನು ಮಾಡಿ ತಡವಾಗುತ್ತದೆ ಅಂದಳು. ಆ ಕಡೆಯವರು ಏನೋ ಗದರಿದರು. "ಗೊತ್ತು ಸಾರ್. ಮಗುನ ನೋಡ್ಕೊಳೋಕೆ ಮನೇಲಿ ಯಾರೂ ಇಲ್ಲ ಸಾರ್" ಅಂದಳು. ಅಂದು ಮುಗಿಸುವಷ್ಟರಲ್ಲಿ ಅಮ್ಮನ ಕಡೆ ಕಣ್ಣು ಹೋಯಿತು, ಬೇಗ ಕಣ್ಣು ತಪ್ಪಿಸಿದಳು.

ಉಂಡ ಮಗುವಿಗೆ ನಿದ್ದೆ ಎಳೆಯುತ್ತಿತ್ತು. ಅದು ಅತ್ತಿತ್ತ ತೂರಾಡಿ, ಆಯಮ್ಮನ ಹತ್ತಿರ ಬಂದು ತೊಡೆಯ ಮೇಲೆ ತಲೆಯಿಟ್ಟಿತು. ಆಯಮ್ಮ ಕರೆದಿರಲಿಲ್ಲ. ಮುಟ್ಟಲೂ ಇಲ್ಲ. ಎರಡೂ ಕೈಗಳನ್ನು ಮಗಳಿಗೆ ಕಾಣುವ ಹಾಗೆ ಮಂಚದ ಮೇಲೆ ಅಂಗೈ ಮೇಲೆ ಮಾಡಿ ಇಟ್ಟುಕೊಂಡಳು. ನಿಂತಲ್ಲೇ ಬಟಾಣಿಯ ಕಣ್ಣು ಮುಚ್ಚಿತು. ಮೊಣಕಾಲು ಸಡಿಲಾಗಿ ಮೆಲ್ಲಗೆ ಜಾರಿ, ಅಜ್ಜಿಯ ಪಾದಗಳ ಮೇಲೆ ಕೂತು, ಕಾಲಿಗೆ ಒರಗಿ ನಿದ್ದೆ ಹೋಯಿತು. ಬಾಯಿ ಸ್ವಲ್ಪ ತೆರೆದಿತ್ತು.

ಒಂದು ನಿಮಿಷವಾಯಿತು, ಎರಡಾಯಿತು. ಮಗಳು ಕುರ್ಚಿಯ ತುದಿಗೆ ಬಂದಿದ್ದಳು. ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ಎದ್ದು ಬಂದು ಭುಜ ಹಿಡಿದು ಅಲುಗಿಸಿದಳು.

"ಬಟಾಣಿ. ಏಯ್ ಬಟಾಣಿ. ಏಳು."

ಮಗು ಏಳಲಿಲ್ಲ. ಮಗಳು ಜೋರಾಗಿ ಅಲುಗಿಸಿದಳು, ಕೆನ್ನೆ ತಟ್ಟಿದಳು. ಬಟಾಣಿ ಬೆಚ್ಚಿ ಕಣ್ಣು ಬಿಟ್ಟು, ತಾಯಿಯ ಮುಖ ನೋಡಿ, ಮನೆ ಕಿತ್ತುಹೋಗುವ ಹಾಗೆ ಅಳತೊಡಗಿತು. ಆಗ ಮಗಳ ಉಸಿರು ಕೆಳಗಿಳಿಯಿತು.

"ಸುಮ್ಮನೆ, ನೋಡಿದೆ" ಅಂದಳು.

"ನೋಡು ಮಗಳೇ" ಅಂದಳು ಆಯಮ್ಮ. "ಎಷ್ಟು ಸಲ ಬೇಕಾದರೂ ನೋಡು."

ಮಗಳು ಮಗುವನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಮತ್ತೆ ಕುರ್ಚಿಯಲ್ಲಿ ಕೂತಳು. ಅಳಿಯ ಬರುವವರೆಗೂ ಬಟಾಣಿ ಅಳುತ್ತಲೇ ಇತ್ತು. ಮಗಳು ಅದನ್ನು ಸುಮ್ಮನಾಗಿಸಲು ಹೋಗಲಿಲ್ಲ.